ಒಂಬತ್ತು ಸೆಕೆಂಡಿನಲ್ಲಿ ಎರಡು ಒಪ್ಪಿಗೆ

ನೊಎಮಿ ಅಗುದೆಲೊ ಇಪ್ಪತ್ತೆರಡು ವರ್ಷಗಳಿಂದ ನಮ್ಮೂರ ಕಾಫಿ ಸಹಕಾರ ಸಂಘದ ಆಡಿಟರ್. ವರ್ಷಕ್ಕೆ ನಲವತ್ತು ಬಿಲ್ ಆರಿಸಿ ನೋಡುತ್ತಿದ್ದಳು, ನಲವತ್ತರಲ್ಲೂ ಇಬ್ಬರ ಒಪ್ಪಿಗೆ ಇರುತ್ತಿತ್ತು, ಅಲ್ಲಿಗೆ ಮುಗಿಯಿತು. ಈ ಏಪ್ರಿಲ್‌ನಲ್ಲಿ ಎಐ ಬಂತು ನೋಡಿ, ಒಂದೂ ಬಿಡದೆ ಹನ್ನೊಂದು ಸಾವಿರ ಬಿಲ್ಲನ್ನೂ ಓದಿಬಿಟ್ಟಿತು! ಓದಿ ಹೇಳಿದ್ದು ಇಷ್ಟೇ: ಮಧ್ಯಾಹ್ನ ಹನ್ನೆರಡರಿಂದ ಎರಡರವರೆಗೆ ಗುಮಾಸ್ತನ ಒಪ್ಪಿಗೆಗೂ ಮೇಲಧಿಕಾರಿಯ ಒಪ್ಪಿಗೆಗೂ ನಡುವೆ ಒಂಬತ್ತೇ ಸೆಕೆಂಡು, ಅದೂ ಒಂದೇ ಕಂಪ್ಯೂಟರಿನಿಂದ. ಎರಡರಲ್ಲೂ ಒಬ್ಬರದೇ ಕೈ ಇರಬಹುದು, ವಿಚಾರಿಸಿ.

ನೊಎಮಿ ಆ ಸಾಲನ್ನು ಎರಡು ಸಲ ಓದಿದಳು. ವಿಚಾರಿಸಲು ಏನಿದೆ? ಆ ಮೇಲಧಿಕಾರಿ ಉಬಾಲ್ದಿನಾ. ಹನ್ನೆರಡಾದರೆ ಊಟಕ್ಕೆ ಮನೆಗೆ ಹೋಗುತ್ತಾಳೆ, ಉಂಡು ಒಂದು ನಿದ್ದೆ ತೆಗೆಯುತ್ತಾಳೆ. ಬೆಟ್ಟದಿಂದ ಚೀಲ ತಂದ ರೈತರಿಗೆ ಹಣ ಪಡೆದು ಊರಿಗೆ ಮರಳಲು ಒಂದೂವರೆಯ ಜೀಪ್ ತಪ್ಪಬಾರದಲ್ಲ, ಅದಕ್ಕೇ ತನ್ನ ಪಾಸ್‌ವರ್ಡನ್ನು ಗುಮಾಸ್ತ ಫಾನೊರ್‌ಗೆ ಕೊಟ್ಟಿದ್ದಾಳೆ. ಊರಿಗೆಲ್ಲ ಗೊತ್ತು, ಯಾರಿಗೂ ಅದು ತಪ್ಪೆನಿಸಿರಲಿಲ್ಲ.

ಆದರೆ ಸಂಘದ ನಿಯಮದ ಪ್ರಕಾರ ಪಾಸ್‌ವರ್ಡ್ ಕೊಟ್ಟವರ ಕೆಲಸ ಹೋಗುತ್ತದೆ. ಉಬಾಲ್ದಿನಾಳ ಪಿಂಚಣಿಗೆ ಇನ್ನು ಏಳೇ ತಿಂಗಳು. ಅವಳ ಮಗಳ ಚರ್ಚಿನ ಜ್ಞಾನಸ್ನಾನಕ್ಕೆ ಧರ್ಮತಾಯಿಯಾಗಿ ನಿಂತವಳು ಇದೇ ನೊಎಮಿ. ಅಂದಿನಿಂದ ಒಬ್ಬರಿಗೊಬ್ಬರು ‘ಕೊಮಾದ್ರೆ’, ಅಕ್ಕತಂಗಿಯರಿಗಿಂತ ಹತ್ತಿರ.

ವರದಿ ಐದು ಗಂಟೆಗೆ ಸಂಘದ ಆಡಳಿತ ಮಂಡಳಿಗೆ ಹೋಗಬೇಕು. ನಾಲ್ಕಕ್ಕೆ ಸುದ್ದಿ ತಿಳಿದು ಉಬಾಲ್ದಿನಾ ನೊಎಮಿಯ ಕೋಣೆಗೆ ಬಂದು ಬಾಗಿಲು ಹಾಕಿದಳು. ಫಾನೊರ್ ಒಂದು ಕಾಳು ಕಾಫಿಯನ್ನೂ ಮುಟ್ಟಿದವನಲ್ಲ ಎಂದಳು. ಕದ್ದ ಎಂದು ಯಾರೂ ಹೇಳಿಲ್ಲ, ಕದಿಯಲು ದಾರಿ ಇದೆ ಅಷ್ಟೇ, ಎಂದಳು ನೊಎಮಿ.

"ಯಂತ್ರ ತಪ್ಪು ಹೇಳ್ತು ಅಂತ ಬರೆದ್ಬಿಡಿ ಕೊಮಾದ್ರೆ. ಅದೇನು ಬಂದು ಜಗಳ ಆಡತ್ತಾ?"

"ತಪ್ಪು ಹೇಳಿಲ್ವಲ್ಲ."

"ನಿಮಗೆ ಗೊತ್ತಿರ್ಲಿಲ್ವಾ? ಪ್ರತಿ ಗುರುವಾರ ಆ ಹೊತ್ತಲ್ಲಿ ನಮ್ಮನೇಲಿ ನನ್ನ ಎದುರಿಗೇ ಕೂತು ಉಂಡೋರು ಯಾರು?"

ನೊಎಮಿ ಕಂಪ್ಯೂಟರಿನ ಕಡೆ ತಿರುಗಿದಳು. ಗಡಿಯಾರದಲ್ಲಿ ನಾಲ್ಕೂವರೆ. ಟೈಪ್ ಮಾಡತೊಡಗಿದಳು: ಎರಡು ಒಪ್ಪಿಗೆಯ ನಿಯಮ ಮಧ್ಯಾಹ್ನ ಪಾಲನೆಯಾಗುತ್ತಿಲ್ಲ. ಅದರ ಕೆಳಗೆ ಇನ್ನೊಂದು ಸಾಲು: ಇದು ಆಡಿಟರಿಗೆ ವರ್ಷಗಳಿಂದ ಗೊತ್ತಿತ್ತು, ಆಕೆ ಪ್ರಶ್ನಿಸಲಿಲ್ಲ.

ಹೆಗಲ ಹಿಂದಿನಿಂದ ಓದುತ್ತಿದ್ದ ಉಬಾಲ್ದಿನಾ ಆ ಸಾಲಿನ ಮೇಲೆ ಬೆರಳಿಟ್ಟಳು. "ಅದನ್ಯಾಕೆ ಹಾಕಿದ್ರಿ? ನಿಮ್ಮ ಕೆಲಸಾನೂ ಹೋಗತ್ತೆ."

"ನಿಮ್ಮದೊಂದೇ ಹೆಸರು ಕಳಿಸೋಕೆ ನನ್ನ ಕೈಲಾಗಲ್ಲ."

ಕಳಿಸಿಬಿಟ್ಟಳು.

ಸೋಮವಾರ ಮಂಡಳಿ ಮೂರು ಗಂಟೆ ಚರ್ಚಿಸಿತು. ಆಡಿಟರೇ ಒಪ್ಪಿಕೊಂಡ ಮೇಲೆ ಒಬ್ಬಳನ್ನೇ ತೆಗೆಯುವುದು ಹೇಗೆ? ಇಬ್ಬರಿಗೂ ಎಚ್ಚರಿಕೆ ಪತ್ರ, ಪಾಸ್‌ವರ್ಡ್ ಬದಲು. ಪಿಂಚಣಿ ಉಳಿಯಿತು. ಉಬಾಲ್ದಿನಾ ಪತ್ರಕ್ಕೆ ಸಹಿ ಹಾಕಿ, ನೊಎಮಿಯ ಮುಖ ನೋಡದೆ ಹೊರಟುಹೋದಳು. ಇವತ್ತಿನವರೆಗೂ ಇಬ್ಬರಿಗೂ ಮಾತಿಲ್ಲ.