ಚೆಡುಗುಡು ಅಂದ ಬಾಯಿ

ನಾನು ಮಾಲೂರಿನ ಒಂದು ಹೆಂಚಿನ ಫ್ಯಾಕ್ಟರಿಯಲ್ಲಿ ಕಬಡ್ಡಿ ಆಡಿ ಸಂಬಳ ತೆಗೆದುಕೊಂಡವಳು. ಓದಿದ್ದು ಮೂರನೇ ಕ್ಲಾಸು. ಆಗ ನಮ್ಮ ಕಡೆ ಹೆಂಗಸರು ಆಟ ಆಡಿ ದುಡಿಯುವುದು ಹೊಸದು, ಜನ ನಗುತ್ತಿದ್ದರು. ಈಗ ಟಿ.ವಿ.ಯಲ್ಲಿ ಆಡುವವರನ್ನು ನೋಡಿ ಮೊಮ್ಮಗಳು ಕೇಳುತ್ತಾಳೆ, “ಅಜ್ಜಿ, ನಿಂಗೆ ಭಯ ಆಗ್ತಿರ್ಲಿಲ್ವಾ?” ಆಗುತ್ತಿತ್ತು. ಅದನ್ನೇ ಹೇಳುತ್ತೇನೆ.

ನನಗಾಗ ಇಪ್ಪತ್ತೆರಡು ವರ್ಷ, ದಿನಗೂಲಿ. ಹಸಿ ಮಣ್ಣಿನ ಬುಟ್ಟಿ ಹೊತ್ತು ಹೊತ್ತು ಕತ್ತು ತಿರುಗುತ್ತಿರಲಿಲ್ಲ. ಮ್ಯಾನೇಜರ್ ಹೆಂಗಸರ ಟೀಮು ಕಟ್ಟಿದರು. ಕೋಲಾರದಲ್ಲಿ ನಡೆಯುವ ಫ್ಯಾಕ್ಟರಿ ಟೀಮುಗಳ ಫೈನಲ್ ಗೆದ್ದರೆ ಏಳು ಜನಕ್ಕೂ ಪರ್ಮನೆಂಟ್, ನೆರಳಿನಲ್ಲಿ ಹೆಂಚು ಜೋಡಿಸುವ ಕೆಲಸ. ಸೋತರೆ ಮತ್ತೆ ಬುಟ್ಟಿ.

ರೈಡರ್ ಅಂದರೆ ಎದುರಿನವರ ಅಂಗಳಕ್ಕೆ ನುಗ್ಗುವವಳು. ಒಂದೇ ಉಸಿರಿನಲ್ಲಿ “ಕಬಡ್ಡಿ ಕಬಡ್ಡಿ” ಅನ್ನುತ್ತಾ ಮುಟ್ಟಿ ವಾಪಸು ಬರಬೇಕು. ಬೇರೆ ಮಾತು ಬಾಯಿಗೆ ಬಂದರೆ ರೈಡು ರದ್ದು, ಪಾಯಿಂಟು ಎದುರಿನವರಿಗೆ. ನನ್ನ ಕಷ್ಟ ಅಲ್ಲೇ ಇದ್ದದ್ದು. ನಾನು ಆಂಧ್ರ ಗಡಿಯ ನಂಗಲಿಯವಳು, ಮನೆಮಾತು ತೆಲುಗು. ಚಿಕ್ಕಂದಿನಿಂದ ಇದೇ ಆಟ ಆಡಿದ್ದು “ಚೆಡುಗುಡು” ಅಂತ. ಉಸಿರು ಕಟ್ಟಿದ ಕೂಡಲೇ ನಾಲಿಗೆ ಅಲ್ಲಿಗೇ ಓಡುತ್ತಿತ್ತು.

ನಮ್ಮ ಕ್ಯಾಪ್ಟನ್ ಗೌರಮ್ಮ ಮಾಲೂರಿನವಳೇ. “ಲೇ ನಂಗಲಿ, ಬಾಯೊಳಗೆ ಆಂಧ್ರದ ಲಾರಿ ನಿಲ್ಸ್ಕೊಂಡಿದ್ದೀಯೇನೇ? ತೆಗ್ಯೇ ಆಚೆ!” ಎಂದು ಎಲ್ಲರನ್ನೂ ನಗಿಸುತ್ತಿದ್ದಳು. ನಾನೊಬ್ಬಳೇ ಸಿಕ್ಕಾಗ ನಗುತ್ತಿರಲಿಲ್ಲ. “ನಿನ್ ನಾಲ್ಗೆ ಜಾರಿದ್ರೆ ಏಳು ಜನದ ಅನ್ನ ಹೋಗುತ್ತೆ ಕಣೇ.”

ಬುಟ್ಟಿ ಹೊತ್ತಾಗಲೂ ಕಬಡ್ಡಿ ಕಬಡ್ಡಿ ಅನ್ನುತ್ತಿದ್ದೆ. ಫೈನಲ್ ವಾರ ಮುದ್ದೆ ಮುರಿಯುವಾಗಲೂ ಅದೇ.

ಆಟ ಇಪ್ಪತ್ತೊಂದು–ಇಪ್ಪತ್ತೊಂದು ಸಮ. ಕೊನೆಯ ರೈಡು ನನ್ನದು. ಒಬ್ಬಳನ್ನು ಮುಟ್ಟಿ ತಿರುಗುವಷ್ಟರಲ್ಲಿ ಎದುರಿನ ಟೀಮಿನ ಕ್ಯಾಪ್ಟನ್ ನನ್ನ ಕಾಲು ಹಿಡಿದಳು. ಬಿದ್ದೆ. ಮೈಮೇಲೆ ಮೂವರು. ಗೆರೆಗೆ ಒಂದು ಗೇಣು. ಎದೆ ಅಮುಕಿಹೋಯಿತು, ಕಣ್ಣು ಕತ್ತಲಾಯಿತು. ನನ್ನ ಬಾಯಿ ಅಂದದ್ದು ನನ್ನ ಕಿವಿಗೇ ಕೇಳಿಸಿತು: ಚೆಡುಗುಡು, ಚೆಡುಗುಡು. ಕೈ ಗೆರೆ ಮುಟ್ಟಿತು. ಅಂಪೈರ್ ಸೀಟಿ ಊದಿ ಪಾಯಿಂಟು ನಮಗೆ ಕೊಟ್ಟರು.

ಅವರ ಕ್ಯಾಪ್ಟನ್ ಎದ್ದು ಕೂಗಿದಳು, “ಸಾರ್, ಚೆಡುಗುಡು ಅಂದ್ಲು! ನನ್ ಕಿವೀಲೇ ಅಂದ್ಲು!”

ಅಂಪೈರ್ ನಮ್ಮ ನಂಗಲಿ ಪಕ್ಕದ ಮುಳಬಾಗಿಲಿನವರು. ಅವರು ಬೆಳೆದದ್ದೂ ಆ ಮಾತಿನಲ್ಲೇ ಇರಬೇಕು, ಕಿವಿಗೆ ಬೇರೆ ಅನ್ನಿಸಿರಲಿಲ್ಲ. ನನ್ನ ಹತ್ತಿರ ಬಗ್ಗಿ, ನಿಜ ಹೇಳು, ಏನಂದೆ ಎಂದು ತೆಲುಗಿನಲ್ಲೇ ಕೇಳಿದರು. “ನಿಜಂ ಚೆಪ್ಪಮ್ಮಾ, ಏಮನ್ನಾವು?”

ಗೌರಮ್ಮ ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ಕನ್ನಡದಲ್ಲಿ ಹೇಳಿದೆ.

“ಕಬಡ್ಡಿ ಅಂದೆ ಸಾರ್.”

ಏಳು ಜನಕ್ಕೂ ಕೆಲಸ ಪರ್ಮನೆಂಟ್ ಆಯಿತು. ಆ ಕ್ಯಾಪ್ಟನ್ ಹುಡುಗಿಗೂ ಅವಳ ಫ್ಯಾಕ್ಟರಿಯಲ್ಲಿ ಇಂಥದೇ ಮಾತು ಕೊಟ್ಟಿದ್ದರೆಂದು ಆಮೇಲೆ ತಿಳಿಯಿತು. ಅವಳಿಗೇನಾಯಿತೆಂದು ನಾನು ವಿಚಾರಿಸಲಿಲ್ಲ. ವಿಚಾರಿಸಲು ಭಯ.

ಇನ್ನೂ ಹತ್ತು ವರ್ಷ ಆಡಿದೆ. ಅದಾದ ಮೇಲೆ ನಿವೃತ್ತಿಯವರೆಗೂ ಶೆಡ್ಡಿನಲ್ಲಿ ದುಡಿದೆ. ಮ್ಯಾನೇಜರ್ ನನ್ನ ಹೆಸರು ಹಿಡಿದು ಕರೆದಾಗಲೆಲ್ಲ, ಯಾರೋ ಹೇಳಿಬಿಟ್ಟರು ಅಂದುಕೊಂಡೇ ಎದ್ದು ಹೋಗುತ್ತಿದ್ದೆ. ಅವರು ಕರೆದಿರುತ್ತಿದ್ದದ್ದು, “ಆ ಹೆಂಚು ಇತ್ಲಾಗಿಡಮ್ಮ” ಅನ್ನುವುದಕ್ಕೆ.

ಈ ಕೆಲಸ ನನಗೆ ಕಲಿಸಿದ್ದು ಇಷ್ಟು: ಸೋಲಿನ ಭಯ ಆಟ ಮುಗಿದರೆ ಮುಗಿಯಿತು, ಸುಳ್ಳಿನ ಭಯ ಅಲ್ಲಿಂದ ಶುರು. ಈಗ ಬರೆದಳು, ಮುದುಕಿಗೆ ಧೈರ್ಯ ಬಂದಿದೆ ಅಂದುಕೊಳ್ಳಬೇಡಿ. ಕಿತ್ತುಕೊಳ್ಳಲು ಈಗ ಕೆಲಸವಿಲ್ಲ, ಅಷ್ಟೇ.