ಕಾವಲಿನ ಕೆಂಪು ಚಿಂದಿ

ಮೊದಲ ಏಟು ನನ್ನದೇ. ಅದನ್ನು ತಮ್ಮ ಸಿದ್ದೇಶನ ತಲೆಗೆ ಕಟ್ಟಿ ನಾನು ಸಾಚಾ ಆಗಲಾರೆ.

ಹೊಡೆಸಿಕೊಂಡವನು ಕೊರವಂಗಲದ ಕೀರ್ತಿರಾಜ್. ಹಾಸನದ ಗ್ಯಾರೇಜೊಂದರಲ್ಲಿ ಟೈರ್ ಬಿಚ್ಚಿ ಪಂಕ್ಚರ್ ಹಾಕುವ ಕೆಲಸ. ಎರಡು ವರ್ಷ ಓವರ್‌ಟೈಮ್ ದುಡಿದು ಹಳೇ ಕ್ಯಾಮರಾ ಕೊಂಡಿದ್ದನಂತೆ. ಮಳೆಗಾಲ ಮುಗಿದು ಹುಲ್ಲು ಹೂ ಬಿಟ್ಟರೆ ಸಾಕು, ಹೂ-ಹುಳದ ಫೋಟೊಗೆಂದು ಹೊತ್ತು ಮೂಡುವ ಮೊದಲೇ ದುದ್ದದ ಹತ್ತಿರದ ನಮ್ಮೂರ ದನ ಮೇಯುವ ಕಾವಲಿಗೆ ಬೈಕಿನಲ್ಲಿ ಬರುತ್ತಿದ್ದ. ಇಬ್ಬನಿಗೆ ರೆಕ್ಕೆ ನೆನೆದ ಹುಳ ಬಿಸಿಲು ತಾಕುವ ತನಕ ಹಾರುವುದಿಲ್ಲ. ಅದಕ್ಕೇ ಹಿಂದಿನ ಸಂಜೆಯೇ ಬಂದು, ಹುಳ ಕೂತಿದ್ದ ಕಡೆಯಲ್ಲೆಲ್ಲ ಕಡ್ಡಿ ನೆಟ್ಟು, ಗುರುತಿಗೆ ಕೆಂಪು ಚಿಂದಿ ಕಟ್ಟಿ ಹೋಗುತ್ತಿದ್ದ.

ಇದೆಲ್ಲ ನನಗೆ ಗೊತ್ತಾದದ್ದು ಆಮೇಲೆ. ನಮಗೆ ಕಂಡದ್ದು ಕೆಂಪು ಚಿಂದಿ ಮಾತ್ರ. ಹೋದ ವರ್ಷ ಬೇಸಿಗೆಯಲ್ಲಿ ಪಕ್ಕದೂರಿನ ಕಾವಲಿನಲ್ಲೂ ಜಾಗ ಅಳೆಯಲು ಬಂದವರು ಕೆಂಪು ಬಟ್ಟೆಯ ಗೂಟ ನೆಟ್ಟು, ಫೋಟೊ ಹೊಡೆದು, ಮೂರೇ ತಿಂಗಳಲ್ಲಿ ತಂತಿಬೇಲಿ ಸುತ್ತಿದ್ದರು. ಅಲ್ಲಿನವರು ದನ ಮಾರಿಕೊಂಡರು. ನಮ್ಮ ಹನ್ನೊಂದು ದನಕ್ಕೆ ಈ ಕಾವಲು ಬಿಟ್ಟರೆ ಗತಿಯಿಲ್ಲ.

ದೀಪಾವಳಿಗೆ ಎರಡು ದಿನವಿತ್ತು. ಬೆಳಿಗ್ಗೆ ಇಬ್ಬರೂ ದೊಣ್ಣೆ ಹಿಡಿದು ಹೋದೆವು. ಅವನು ಹೊಟ್ಟೆ ಊರಿ ಮಲಗಿ, ಕಣ್ಣಿಗೆ ಕ್ಯಾಮರಾ ಒತ್ತಿಕೊಂಡಿದ್ದ. ಎದುರಿನ ಕಡ್ಡಿಯ ಮೇಲೆ ಸೂರ್ಯನ ಕುದುರೆ ಹುಳವೊಂದು ಜೀವಂತ ಚಿಟ್ಟೆಯ ತಲೆ ಕಚ್ಚಿ ತಿನ್ನುತ್ತಿತ್ತು.

"ಯಾವನ್ಲಾ ನೀನು? ಗೂಟ ಒಡ್ಯಾಕೆ ಯಾವನ್ಲಾ ಕಳ್ಸಿದ್ದು?"

ಅವನು ತಿರುಗಲೂ ಇಲ್ಲ. "ಒಸಿ ಸರ್ಕೊಳಣ್ಣ, ನೆಳ್ಳು ಬೀಳ್ತದೆ" ಅಂದ.

ಎಷ್ಟು ಕೊಬ್ಬು ಇವನಿಗೆ! ಬೀಸಿದೆ. ದೊಣ್ಣೆ ಕ್ಯಾಮರಾಕ್ಕೆ ಬಿತ್ತು, ಕ್ಯಾಮರಾ ಅವನ ಬಲಗಣ್ಣಿಗೆ ನುಗ್ಗಿತು. ಸಿದ್ದೇಶ ಪಕ್ಕೆಗೆ ಒದ್ದ.

"ಊವಿನ ಫೋಟೊ ಕಣಣ್ಣ, ಊವಿಂದು!" ಎಂದು ಅವನು ಮುಖ ಮುಚ್ಚಿಕೊಂಡು ಕಿರುಚಿದ. ಕಿರುಚಿದಷ್ಟೂ ನನಗೆ ರೋಷ ಏರಿತು. "ಸುಳ್ಳು ಬೊಗಳ್ತೀಯೇನ್ಲಾ?" ಎಂದು ಬೆನ್ನಿಗೆ ಇನ್ನೆರಡು ಬಿಟ್ಟೆ. ಬೆರಳ ಸಂದಿಯಿಂದ ಇಳಿದ ರಕ್ತ ತುಂಬೆ ಹೂವಿನ ಮೇಲೆ ತೊಟ್ಟಿಕ್ಕಿತು. ಅವನ ಊರು, ಹೆಸರು ಕೇಳಿದ್ದು ನಮ್ಮ ಕೈ ಸೋತ ಮೇಲೆ.

ಅಷ್ಟರಲ್ಲಿ ನಮ್ಮವ್ವ ನೀಲಗಂಗಮ್ಮ ಬಂದಳು. ಹಬ್ಬಕ್ಕೆ ಬಾಗಿಲಲ್ಲಿಡುವ ಸಗಣಿಯ ಪುಟ್ಟ ಗುಪ್ಪೆಗೆ, ಅಂದರೆ ಕೆರಕಕ್ಕೆ, ಸಿಕ್ಕಿಸಲು ಅಣ್ಣೆ ಹೂ ಕುಯ್ಯುತ್ತಿದ್ದವಳು, ಮಡಿಲಿನ ಹೂ ಚೆಲ್ಲಿಕೊಂಡು ಓಡಿ ಬಂದಳು.

"ನಿಮ್ ಕೈ ಸೇದೋಗ! ಮೊನ್ನೆ ನಂಗೆ ಜೇನ್ನೊಣದ ಫೋಟೊ ತೋರ್ಸಿದ ಮಗ ಕಣ್ರಲಾ ಇದು!"

ದೊಣ್ಣೆ ಬಿಸಾಕಿದೆ. ನಾವೇ ಅವನನ್ನು ಆಸ್ಪತ್ರೆಗೆ ಹೊತ್ತುಕೊಂಡು ಹೋದೆವು. ಕಣ್ಣೊಂದು ಉಳಿಯಲಿ ಎಂದು ಹೊರಗೆ ಕೂತು ಕಂಡ ದೇವರಿಗೆಲ್ಲ ಹರಕೆ ಹೊತ್ತೆ. ಉಳಿಯಲಿಲ್ಲ. ಕೇಸಾಯಿತು. ಜೈಲು ಕಂಡು ಜಾಮೀನಿನ ಮೇಲೆ ಬಂದಿದ್ದೇವೆ. ಆಗಬೇಕಾದದ್ದೇ.

ಈ ವರ್ಷ ಕಾವಲು ಮತ್ತೆ ಹೂ ಬಿಟ್ಟಿತು. ಇನ್ನೆಲ್ಲಿ ಬರುತ್ತಾನೆ ಅಂದುಕೊಂಡಿದ್ದೆ. ಬಂದ. ಯಾರದೋ ಕ್ಯಾಮರಾ ಕೇಳಿ ತಂದು, ಎಡಗಣ್ಣಿಗೆ ಹಿಡಿಯಲು ಕಲಿತಿದ್ದಾನೆ. ಕಡ್ಡಿಗೆ ಈಗ ಬಿಳಿ ದಾರ ಕಟ್ಟುತ್ತಾನೆ. ದಿನಾ ನಾನು ಹಾಲು ಕರೆಯುವ ಹೊತ್ತಿಗೆ ಸರಿಯಾಗಿ ರಸ್ತೆಯಲ್ಲೇ ಬೈಕ್ ನಿಲ್ಲಿಸಿ, ಎರಡೂ ಕೈ ಮೇಲೆತ್ತಿ, ನಮ್ಮ ಮನೆಯ ಕಡೆ ತಿರುಗಿ ಕೂಗುತ್ತಾನೆ:

"ಊವಿನೋನು ಕಣಣ್ಣಾ! ಫೋಟೊ ತೆಗ್ಯಾಕೆ ಬಂದಿವ್ನಿ! ಒಡೀಬ್ಯಾಡಿ!"

"ಬಾರಪ್ಪ" ಅನ್ನಬೇಕಾದವನು ನಾನು. ತಲೆ ಬಗ್ಗಿಸಿ ಹಾಲು ಕರೆಯುತ್ತಲೇ ಇರುತ್ತೇನೆ. ಅವ್ವ ಹಿತ್ತಿಲಿಂದ ಆ ಮಾತು ಕೂಗಿ ಹೇಳುವ ತನಕ ಅವನು ಕೈ ಇಳಿಸುವುದಿಲ್ಲ.