ಹರಟೆಮಲ್ಲಗಳು ಸುಮ್ಮನಾದ ದಿನ

ಶಕುನ, ಅಪಶಕುನ ಎಂದರೆ ನಗುತ್ತಿದ್ದವನು ನಾನು. ಬೆಕ್ಕು ಅಡ್ಡ ಬಂತು, ಜೀಪು ನಿಲ್ಲಿಸಿ ಎನ್ನುವವರನ್ನು, ಹಾಗಾದರೆ ಇಳಿದು ನಡೆದೇ ಹೋಗಿ ಎಂದು ರೇಗಿಸುತ್ತಿದ್ದೆ. ಆದ್ದರಿಂದ ಈಗ ಹೇಳುವುದನ್ನು ನಂಬಿ ಎಂದು ಕೇಳುವ ಹಕ್ಕು ನನಗಿಲ್ಲ.

ಎರಡು ಸಾವಿರದ ನಾಲ್ಕೋ ಐದೋ ಇರಬೇಕು. ಬಸರೀಕಟ್ಟೆಯಲ್ಲಿ ಬಾಡಿಗೆ ಜೀಪು ಓಡಿಸಿಕೊಂಡು ಅಕ್ಕನ ಮನೆಯಲ್ಲೇ ಇದ್ದೆ. ಭಾವ ದಿನಾ ಬೆಳಿಗ್ಗೆ ಸೌದೆ ಒಡೆಯುವಾಗ ಹರಟೆಮಲ್ಲ ಹಕ್ಕಿಗಳ ಗುಂಪೊಂದು ಬಂದು ಅವರ ಕಾಲಬುಡದಲ್ಲೇ ಗೆದ್ದಲು ಹೆಕ್ಕುತ್ತಿತ್ತು. ಕೊಡಲಿಯ ಸದ್ದಿಗಿಂತ ಅವುಗಳ ಗಲಾಟೆಯೇ ಜೋರು. ಅವುಗಳಲ್ಲಿ ಒಂದಕ್ಕೆ ಎಡಗಾಲು ಸೊಟ್ಟ. “ನಮ್ಮ ಸಂಘದ ಅಧ್ಯಕ್ಷರು ಬಂದ್ರು, ಕುರ್ಚಿ ಹಾಕಿ ಮಾರಾಯ್ರೇ,” ಎಂದು ಭಾವ ತಮಾಷೆ ಮಾಡುತ್ತಿದ್ದರು.

ಆ ದಿನ ಕೊಡಲಿ ಎತ್ತಿದವರೇ ಎದೆ ಹಿಡಿದುಕೊಂಡು ಕುಸಿದರು. ಹಿಂದಿನ ಸೀಟಿನಲ್ಲಿ ಅಕ್ಕನ ತೊಡೆಯ ಮೇಲೆ ಮಲಗಿಸಿಕೊಂಡು ಕೊಪ್ಪದ ಆಸ್ಪತ್ರೆಗೆ ಹೊರಟೆ. ಐದಾರು ಮೈಲಿ ಬಂದಿದ್ದೆವೇನೋ, ಒಂದು ತಿರುವಿನಲ್ಲಿ ರಸ್ತೆ ತುಂಬ ಹರಟೆಮಲ್ಲಗಳು. ಹಾರ್ನ್ ಮಾಡಿದೆ. ಏಳಲಿಲ್ಲ. ಒಂದೂ ಸದ್ದು ಮಾಡಲಿಲ್ಲ. ಬಾಯಿ ಮುಚ್ಚಿದ ಹರಟೆಮಲ್ಲಗಳ ಗುಂಪನ್ನು ನೀವು ಎಲ್ಲಾದರೂ ಕಂಡಿದ್ದೀರಾ? ಎಲ್ಲವೂ ಜೀಪಿನತ್ತಲೇ ನೋಡುತ್ತ ನಿಂತಿದ್ದವು. ಎಲ್ಲಕ್ಕಿಂತ ಮುಂದಿದ್ದದ್ದರ ಎಡಗಾಲು ಸೊಟ್ಟಗಿತ್ತು.

“ಎಂತಕ್ಕೆ ನಿಲ್ಸಿದ್ಯೋ? ಅವುಗಳ ಮೇಲೇ ಹತ್ತಿಸ್ಕೊಂಡು ಹೋಗೋ ಮಾರಾಯ!” ಎಂದು ಅಕ್ಕ ಕೂಗಿದಳು.

ನನ್ನ ಕಾಲು ಬ್ರೇಕಿನಿಂದ ಏಳಲಿಲ್ಲ. ಇಳಿದು ಅವನ್ನು ಓಡಿಸಲೂ ಆಗಲಿಲ್ಲ. ಐದು ನಿಮಿಷವೋ ಹತ್ತೋ, ದೇವರಾಣೆಗೂ ಗೊತ್ತಿಲ್ಲ. ಆಮೇಲೆ ಅವೆಲ್ಲ ಒಮ್ಮೆಲೇ ಕಿರುಚಿಕೊಂಡು ಕಾಡಿನತ್ತ ಹಾರಿದವು. ಯಾವತ್ತೂ ಭಾವನ ಹೆಸರು ಹೇಳದ ಅಕ್ಕ ಆಗ ಹಿಂದಿನಿಂದ ಹೆಸರು ಹಿಡಿದು ಕೂಗತೊಡಗಿದಳು.

ಆಸ್ಪತ್ರೆಯಲ್ಲಿ ಡಾಕ್ಟರು ನಾಡಿ ನೋಡಿ, “ಸ್ವಲ್ಪ ಮುಂಚೆ ಬಂದಿದ್ರೆ...” ಎಂದು ಅರ್ಧಕ್ಕೇ ನಿಲ್ಲಿಸಿದರು.

ಹರಟೆಮಲ್ಲ ದೂರ ಹಾರುವ ಹಕ್ಕಿಯಲ್ಲ. ಮನೆಯ ಹಿತ್ತಲಿನದು ಜೀಪಿಗಿಂತ ಮೊದಲು ಅಲ್ಲಿಗೆ ಹೇಗೆ ಮುಟ್ಟಿತು? ಅದೇ ಹಕ್ಕಿಯೋ, ಸೊಟ್ಟಗಾಲಿನ ಬೇರೊಂದೋ? ಭಾವ ಹೋಗುವುದು ಅವಕ್ಕೆ ಮೊದಲೇ ಗೊತ್ತಿತ್ತೋ, ಇಲ್ಲ ನಾನು ನಿಂತದ್ದರಿಂದಲೇ ಭಾವ ಹೋದರೋ? ಇಷ್ಟು ವರ್ಷ ತಲೆ ಚಚ್ಚಿಕೊಂಡರೂ ಬಗೆಹರಿದಿಲ್ಲ.

ಅಕ್ಕ ಮಾತ್ರ ಬಂದವರಿಗೆಲ್ಲ ಹೇಳುತ್ತಾಳೆ: “ನಮ್ಮನೆಯವ್ರನ್ನ ಕಳಿಸಿಕೊಡಕ್ಕೆ ಬಂದಿದ್ವು ಅವು. ಪಾಪ, ಇವನೆಂತ ಮಾಡ್ತಾನೆ?” ಹತ್ತಿಸಿಕೊಂಡು ಹೋಗು ಎಂದು ಕೂಗಿದ್ದನ್ನು ಅವಳು ಯಾರಿಗೂ ಹೇಳಿಲ್ಲ. ನಂಬಿ ಹಾಗೆನ್ನುತ್ತಾಳೋ, ನನ್ನನ್ನು ಉಳಿಸಲಿಕ್ಕೆ ಹಾಗೆನ್ನುತ್ತಾಳೋ? ಕೇಳುವ ಧೈರ್ಯ ನನಗೆ ಇವತ್ತಿನವರೆಗೂ ಬಂದಿಲ್ಲ.